ನನ್ನ ಸಾಕ್ಷಿ ಕೆಡಿಸಿದ ಮಾಸ್ತರರು

ಮಾಸ್ತರರು ತೀರಿಕೊಂಡ ಮೇಲೆ ಕಲಬುರಗಿಯಲ್ಲಿ ಅವರು ಕಲಿಸುತ್ತಿದ್ದ ಶಾಲೆಯಲ್ಲಿ ಒಂದು ಸಂತಾಪ ಸಭೆ ಆಯಿತು. ಕಮಲಾಪುರದಿಂದ ನಾನೂ ಹೋಗಿ ಕೊನೆಯ ಸಾಲಿನಲ್ಲಿ ಕುಳಿತೆ. ಮಾತಾಡಿದವರೆಲ್ಲ ಅವರು ವಿನಯವಂತರೆಂದರು, ಮಿತಭಾಷಿ ಎಂದರು, ದೈವಭಕ್ತರು, ಮೇಲಿನವರಿಗೆ ಎದುರಾಡಿದವರಲ್ಲ ಎಂದರು. ಯಾರೋ ಒಬ್ಬರು ಅವರನ್ನು ಅಜಾತಶತ್ರು ಎಂದಾಗ ನನಗೆ ತಪ್ಪು ಸಭೆಗೆ ಬಂದು ಕುಳಿತೆನೇನೋ ಎನಿಸಿತು. ಕತ್ತು ಉದ್ದ ಮಾಡಿ ಹೂಮಾಲೆಯ ನಡುವಿನ ಪಟ ನೋಡಿದೆ. ಅವರೇ. ನಶ್ಯದ ಮೂಗು, ಯಾರನ್ನೋ ಅಣಕಿಸಲು ಹೊರಟು ಅರ್ಧಕ್ಕೆ ನಿಂತಂತಿದ್ದ ತುಟಿ.

ಸಭೆ ಮುಗಿದ ಮೇಲೆ ಅವರ ಮಗನಿಗೆ, ನಿಮ್ಮ ತಂದೆಯ ಬಗ್ಗೆ ನಾನೊಂದಿಷ್ಟು ಬರೆಯುತ್ತೇನೆ ಎಂದೆ. ಅವನು ಕೈಮುಗಿದ. "ಬರೀರಿ ಕಾಕಾ, ಆದ್ರ ಹೆಸರು ಹಾಕಬ್ಯಾಡ್ರಿ. ಮನ್ಯಾಗ ಇನ್ನೂ ಎರಡು ಹುಡುಗ್ಯಾರ ಲಗ್ನ ಆಗ್ಬೇಕಾಗ್ಯಾವ." ಹಾಗಾಗಿ ಹೆಸರಿಲ್ಲ.

ನಾವಿಬ್ಬರೂ ಮೊದಲು ಮುಖ ನೋಡಿಕೊಂಡದ್ದು ಅದಾಲತ್ತಿನಲ್ಲಿ. ನಾನು ಸಾಕ್ಷಿ. ಅವರು ಆ ಸಾಕ್ಷಿ ಕೆಡಿಸಲು ಬಂದವರು.

ಆಗ ನನಗೆ ಇಪ್ಪತ್ತೆರಡು ವರ್ಷ, ಲಗ್ನವಾಗಿ ವರ್ಷ ತುಂಬಿರಲಿಲ್ಲ. ಕಮಲಾಪುರದಲ್ಲಿ ನಮ್ಮದು ಅಪ್ಪನ ತಮ್ಮ ಕಾಕಾನ ಕೈಕೆಳಗಿನ ಒಟ್ಟು ಸಂಸಾರ. ಕೆಂಪು ಬಾಳೆಯ ತೋಟವಿತ್ತು, ಆಚೆಗೆ ಜೋಳದ ಹೊಲ. ಬಾವಿಯ ಮೇಲೆ ಎತ್ತು ಹೊಡೆದು ತೋಟಕ್ಕೆ ನೀರೆತ್ತಲು ಭೀಮಶಾ ಎಂಬವನಿದ್ದ. ಎತ್ತರದ ಆಳು, ನಡೆಯುವಾಗ ಎಡಕ್ಕೆ ತುಸು ವಾಲುತ್ತಿದ್ದ, ತಲೆಗೆ ಯಾವಾಗಲೂ ಕೆಂಪು ರುಮಾಲು. ಒಂದು ದಿನ ನೀರಿನ ಪಾಳಿಯ ವಿಷಯಕ್ಕೆ ಮಾತಿಗೆ ಮಾತು ಬೆಳೆದು ಕಾಕಾ ಅವನ ಕಪಾಳಕ್ಕೆ ಹೊಡೆದ, ಅದೂ ನಾಲ್ಕು ಮಂದಿಯ ಮುಂದೆ. ಭೀಮಶಾ ನೆಲಕ್ಕೆ ಬಿದ್ದ ರುಮಾಲು ಎತ್ತಿ, ಝಾಡಿಸಿ, ಸುತ್ತಿಕೊಂಡು ಹೋದ.

ಮೂರನೆಯ ದಿನ, ದೀಪ ಹಚ್ಚುವ ಹೊತ್ತಿಗೆ, ನಮ್ಮ ಕಣಿಕೆಯ ಬಣವೆಗೆ ಬೆಂಕಿ ಬಿತ್ತು. ದನಗಳಿಗೆ ವರ್ಷಕ್ಕಾಗಬೇಕಿದ್ದ ಜೋಳದ ದಂಟು ಒಂದು ತಾಸಿನಲ್ಲಿ ಬೂದಿ. ನಾನು ಆಗ ತೋಟದ ಬೇಲಿಯ ಹತ್ತಿರ ನಿಂತಿದ್ದೆ. ಬಣವೆಯ ಮಗ್ಗುಲಿನಿಂದ ಒಬ್ಬ ಎದ್ದು ಹುಣಸೆ ಮರದ ಕಡೆ ಬಿರಬಿರನೆ ಹೋದದ್ದನ್ನು ನೋಡಿದೆ. ಬೆನ್ನು ನನ್ನ ಕಡೆಗಿತ್ತು. ಅವನು ಮರದಾಚೆ ಮರೆಯಾದ ಮೇಲೆ ಹೊಗೆ ಎದ್ದಿತು, ಆಮೇಲೆ ಉರಿ. ನಾನು ಮನೆಗೆ ಓಡಿ ಕೂಗಿದ ಮೊದಲ ಮಾತೇ "ಭೀಮಶಾ! ಕೆಂಪು ರುಮಾಲು ನೋಡೀನಿ!"

ಪೊಲೀಸ್ ಅಮೀನ ಬಂದು ಭೀಮಶಾನ ಕೈಗೆ ಬೇಡಿ ಹಾಕಿ ಕರೆದೊಯ್ದ. ಅವನ ಹೆಂಡತಿ ಕೂಸನ್ನು ಬಗಲಲ್ಲಿಟ್ಟುಕೊಂಡು ನಮ್ಮ ಬಾಗಿಲಿಗೆ ಬಂದು ಅತ್ತಳು. ಕಾಕಾನ ಹೆಂಡತಿ ಎರಡು ರೊಟ್ಟಿ ಕೊಟ್ಟು ಬಾಗಿಲು ಹಾಕಿಕೊಂಡಳು. ನನಗೆ ಅಯ್ಯೋ ಎನಿಸಿತು, ಆದರೆ ಅನುಮಾನ ಮಾತ್ರ ಎಳ್ಳಷ್ಟೂ ಇರಲಿಲ್ಲ. ಕಣ್ಣು ಮುಚ್ಚಿದರೂ ಆ ಕೆಂಪು ನನಗೆ ಕಾಣುತ್ತಿತ್ತು. ಬೇಕಿದ್ದರೆ ಅದರ ಸುತ್ತು ಎಣಿಸಿ ಹೇಳುತ್ತಿದ್ದೆ.

ಭೀಮಶಾನ ತಮ್ಮ ಕಲಬುರಗಿಯ ಆ ಶಾಲೆಯಲ್ಲಿ ಜವಾನ. ಒಂದು ಮುಂಜಾನೆ ಗಂಟೆ ಬಾರಿಸುವುದನ್ನು ಮರೆತು ಕಂಬಕ್ಕೊರಗಿ ಅಳುತ್ತ ನಿಂತಿದ್ದನಂತೆ. ವಿಜ್ಞಾನದ ಮಾಸ್ತರರು ಬಂದು ಏನಾಯ್ತೆಂದು ಕೇಳಿದರು. ಅವನು ಹೇಳಿದ. ಅವರು ಎರಡೇ ಪ್ರಶ್ನೆ ಕೇಳಿದರಂತೆ, ಎಷ್ಟು ಹೊತ್ತಿಗೆ, ಯಾವ ಬಣ್ಣ. ಉತ್ತರ ಕೇಳಿ ಪಕ್ಕೆ ಹಿಡಿದುಕೊಂಡು ನಕ್ಕುಬಿಟ್ಟರು. ಅಳುವವನ ಮುಂದೆ ಹೀಗೆ ನಕ್ಕದ್ದಕ್ಕೆ ಶಾಲೆಯಲ್ಲಿ ಎಲ್ಲರೂ ಅವರಿಗೆ ಛೀಮಾರಿ ಹಾಕಿದರು. ಅವರು ಅರ್ಧ ದಿನದ ರಜೆ ಬರೆದುಕೊಟ್ಟು ನೇರ ವಕೀಲರ ಮನೆಗೆ ನಡೆದರು.

ಅದಾಲತ್ತಿನಲ್ಲಿ ಎಲ್ಲ ಉರ್ದುವಿನಲ್ಲಿ ನಡೆಯುತ್ತಿತ್ತು. ನಾನು ನಾಲ್ಕಕ್ಷರ ಉರ್ದು ಕಲಿತವನಾದ್ದರಿಂದ ಎದೆ ಉಬ್ಬಿಸಿಕೊಂಡು ನಿಂತಿದ್ದೆ. ಭೀಮಶಾನ ವಕೀಲರು ಊಟವಾದ ಮೇಲೆ ಕಣ್ಣು ತೆರೆದಿಡುವುದೇ ಕಷ್ಟವೆಂಬಂಥ ಮನುಷ್ಯ. ಅವರ ಹಿಂದೆ ಕುಳಿತ ಒಬ್ಬ ಕರಿ ಟೊಪ್ಪಿಗೆಯ ಸಣಕಲು ಗೃಹಸ್ಥ ಆಗಾಗ ಅವರ ಬೆನ್ನು ತಿವಿಯುತ್ತಿದ್ದ. ತಿವಿದಾಗೊಮ್ಮೆ ಒಂದು ಪ್ರಶ್ನೆ ಬರುತ್ತಿತ್ತು.

"ಮುಖ ನೋಡಿದಿರಾ?"

"ಇಲ್ಲ. ಬೆನ್ನು."

"ಬೆಂಕಿಯ ಬೆಳಕಿತ್ತೇ?"

"ಇಲ್ಲ. ಅವನು ಹೋದ ಮೇಲೆ ಉರಿ ಎದ್ದಿತು."

"ಮತ್ತೆ ಭೀಮಶಾ ಎಂದು ಹೇಗೆ ಗುರುತಿಸಿದಿರಿ?"

"ರುಮಾಲು. ಕೆಂಪು."

ಆ ಸಣಕಲು ಗೃಹಸ್ಥ ಮುಖ ಅರಳಿಸಿ, ನಾನು ಅವನಿಗೇ ಉಪಕಾರ ಮಾಡಿದೆನೆಂಬಂತೆ ತಲೆಬಾಗಿಸಿದ. ನನಗೆ ಮೈಯೆಲ್ಲ ಉರಿಯಿತು.

ವಕೀಲರು ಎದ್ದು, ಘಟನೆ ನಡೆದ ಜಾಗವನ್ನು ಅದೇ ಹೊತ್ತಿನಲ್ಲಿ ಹುಜೂರ್ ಅವರೇ ನೋಡಬೇಕೆಂದು ಅರ್ಜಿ ಹಾಕಿದರು. ಮುನ್ಸಿಫ್ ಸಾಹೇಬರು ಬಿಳಿ ಗಡ್ಡದ, ನಿಧಾನದ ಮನುಷ್ಯ. ಹೇಗೂ ಮುಂದಿನ ವಾರ ದೌರೆಯ ತಿರುಗಾಟಕ್ಕೆ ಆ ಕಡೆ ಹೋಗುವುದಿದೆ, ಕಮಲಾಪುರದ ಬಾಳೆಹಣ್ಣು ತಿಂದು ಬಹಳ ದಿನವಾಯಿತು ಎಂದು ಒಪ್ಪಿಕೊಂಡರು. ನ್ಯಾಯಕ್ಕೆ ನಮ್ಮ ಬಾಳೆಹಣ್ಣಿನಿಂದ ಅಷ್ಟಾದರೂ ಸಹಾಯವಾಯಿತು.

ಗೊತ್ತಾದ ದಿನ ಸಂಜೆ ನಾವೆಲ್ಲ ಬೇಲಿಯ ಹತ್ತಿರ ಸೇರಿದೆವು. ಮುನ್ಸಿಫರು, ಅಮೀನ, ವಕೀಲರು, ಕಾಕಾ, ನಾನು. ಬೆಳಕು ಇಳಿಯುತ್ತಿತ್ತು. ಆ ಗೃಹಸ್ಥ, ಶಾಲೆಯ ಆ ಮಾಸ್ತರರೇ, ಸುಟ್ಟ ಬಣವೆಯ ಕಡೆಯಿಂದ ನಡೆದು ಬಂದು ನಮ್ಮಿಂದ ಐದಾರು ಹೆಜ್ಜೆ ದೂರದಲ್ಲಿ ಸುಮ್ಮನೆ ನಿಂತುಕೊಂಡರು. ವಕೀಲರು ನನಗೆ ಹೇಳಿದರು, "ಮೂರು ಮಂದಿ ಬಣವೆಯ ಜಾಗದಿಂದ ಹುಣಸೆ ಮರದ ತನಕ ನಡೆಯುತ್ತಾರೆ. ಅವರಲ್ಲಿ ಭೀಮಶಾನೂ ಇದ್ದಾನೆ. ಯಾರೆಂದು ತೋರಿಸಬೇಕು."

ಮೂವರು ಬೆನ್ನು ತೋರಿಸಿ ಹೊರಟರು. ಮೊದಲನೆಯವನ ತಲೆ ಬೆಳ್ಳಗಿತ್ತು. ಮೂರನೆಯವನದು ಎಂಥದೋ ಬೂದಿ ನೀಲಿ. ನಡುವಿನವನ ತಲೆಯ ಮೇಲೆ ಕೆಂಪು ರುಮಾಲು ಸ್ಪಷ್ಟವಾಗಿತ್ತು.

"ನಡುಕಿನಂವ!" ಎಂದೆ. "ಅಂವನೇ ರೀ. ಕೆಂಪು ರುಮಾಲು."

"ಬೇಟಾ, ಸೋಚ್ ಕೇ ಬೋಲೋ," ಎಂದರು ಮುನ್ಸಿಫರು, ವಿಚಾರ ಮಾಡಿ ಹೇಳಪ್ಪ ಎಂದು. ಆಮೇಲೆ ತಾವೂ ಕಣ್ಣು ಕಿರಿದು ಮಾಡಿ ನೋಡಿ, "ಹಾಂ, ಲಾಲ್ ತೋ ಹೈ," ಎಂದು ಕೆಂಪನ್ನೇ ಒಪ್ಪಿದರು. ಅಮೀನ ಅದಕ್ಕೆ ರಕ್ತದ ಹೋಲಿಕೆ ಕೊಟ್ಟ. ಕಾಕಾ ಮೀಸೆ ತಿರುವಿದ.

ಕಂದೀಲು ತರಿಸಿ ಮೂವರನ್ನೂ ಕರೆಸಿದರು. ನಡುವಿನವನು ಭೀಮಶಾ ಅಲ್ಲ, ಅವನ ತಮ್ಮ, ಶಾಲೆಯ ಜವಾನ. ತಲೆಯ ಮೇಲಿದ್ದದ್ದು ಕಪ್ಪು ಬಟ್ಟೆ. ಕೆಂಪಿನ ಲವಲೇಶವೂ ಅದರಲ್ಲಿ ಇರಲಿಲ್ಲ. ಭೀಮಶಾ ಬಿಳಿ ರುಮಾಲು ಸುತ್ತಿಕೊಂಡು ಎಲ್ಲರಿಗಿಂತ ಮುಂದೆ ನಡೆದು ಹೋಗಿದ್ದ.

"ಮೋಸ!" ಎಂದು ಕಾಕಾ ಕೂಗಿದ. "ಕೆಂಪು ರುಮಾಲು ಇಟ್ಟೇ ಇಲ್ಲ ಇವ್ರು!"

"ಇಟ್ಟೀನಲ್ರಿ ಸಾವ್ಕಾರ್ರ," ಎಂದರು ಆ ಗೃಹಸ್ಥ. "ಆವಾಗಿಂದ ನಿಮ್ಮ ಮುಂದೇ ನಿಂತೀನಿ."

ಕಂದೀಲು ಅವರ ಕಡೆ ತಿರುಗಿತು. ಭೀಮಶಾನ ಕೆಂಪು ರುಮಾಲು ಅವರ ತಲೆಯ ಮೇಲಿತ್ತು. ಐದಾರು ಹೆಜ್ಜೆ ದೂರದಲ್ಲಿ ಅಷ್ಟು ಹೊತ್ತು ನಿಂತಿದ್ದರೂ ನಾವು ಐವರೂ ಅದನ್ನು ಅವರ ಎಂದಿನ ಕರಿ ಟೊಪ್ಪಿಗೆಯೆಂದೇ ತಿಳಿದಿದ್ದೆವು.

ಮುನ್ಸಿಫರು ಬಹಳ ಹೊತ್ತು ಗಡ್ಡ ನೀವಿಕೊಂಡರು. ಕೊನೆಗೆ ಹೇಳಿದ ಮಾತಿನ ಅರ್ಥ ಇಷ್ಟು: ನನಗೂ ಕೆಂಪೇ ಕಂಡಿತು. ನನ್ನ ಕಣ್ಣಿಗಿಂತ ಚಲೋ ಇಲ್ಲದ ಕಣ್ಣಿನ ಮಾತು ಕೇಳಿ ಒಬ್ಬನನ್ನು ಜೇಲಿಗೆ ಕಳಿಸಲಾರೆ. ಭೀಮಶಾ ಬಿಡುಗಡೆಯಾದ.

ಕಾಕಾ ನನ್ನೊಡನೆ ತಿಂಗಳೊಪ್ಪತ್ತು ಮಾತು ಬಿಟ್ಟ. ಊರಲ್ಲಿ ನಾನು ಎದುರಾದರೆ ಜನ ತಮ್ಮ ಅಂಗಿ ತೋರಿಸಿ ಯಾವ ಬಣ್ಣ ಎಂದು ಕೇಳತೊಡಗಿದರು. ಅದನ್ನೂ ಸಹಿಸುತ್ತಿದ್ದೆ. ಸಹಿಸಲಾಗದ್ದು ಬೇರೆ ಇತ್ತು. ಆ ಸಂಜೆ ನಾನು ಊಹಿಸಿರಲಿಲ್ಲ, ನಿಜವಾಗಿಯೂ ಕೆಂಪು ಕಂಡಿದ್ದೆ. ಇಲ್ಲದ ಕೆಂಪು ಕಂಡಿತ್ತೆಂದರೆ, ದಿನವೂ ಕಾಣುವುದರಲ್ಲಿ ಇನ್ನೇನೇನು ಇಲ್ಲ? ಹೆಂಡತಿ ನೀರಿನ ತಂಬಿಗೆ ಕೊಟ್ಟರೆ ಹಿಡಿಯುವ ಮೊದಲು ಬೆರಳಿಂದ ಮುಟ್ಟಿ ನೋಡುತ್ತಿದ್ದೆ. ಅವಳು ಗಾಬರಿಯಾಗಿ ತವರಿಗೆ ಹೇಳಿಕಳಿಸಿದಳು. ಆಗ ನಾನು ಬಂಡಿ ಹೂಡಿಸಿ ಕಲಬುರಗಿಗೆ ಹೋದೆ. ಆ ಮನುಷ್ಯನನ್ನು ಹಿಡಿದು ಎರಡು ಬಾರಿಸಿಯೇ ಬರಬೇಕೆಂಬ ನಿಶ್ಚಯವಿತ್ತು.

ಕೋಟೆಯ ಹತ್ತಿರ ಅವರ ಮನೆ. ಕಟ್ಟೆಯ ಮೇಲೆ ಕುಳಿತು ನಶ್ಯ ಏರಿಸುತ್ತಿದ್ದರು. ನನ್ನನ್ನು ನೋಡಿ ಎದ್ದೇಳಲಿಲ್ಲ.

"ಜಗಳಕ್ಕ ಬಂದೀಯೇನು?"

"ಹೌದ್ರಿ."

"ಊಟ ಆಗ್ಯಾದೇನು?"

"ಇಲ್ರಿ."

"ಹಂಗಾರ ಮೊದ್ಲ ಉಣ್ಣು. ಹಸದು ಬಂದಂವ ಗುರಿ ತಪ್ಪಿ ಹೊಡಿತಾನ."

ಅವರದು ಮಡಿಯ ವೈಷ್ಣವ ಮನೆ. ಲಿಂಗವಂತನಾದ ನನ್ನನ್ನು ಒಳಗೆ ಕೂರಿಸುವಂತಿರಲಿಲ್ಲ. ಅವರು ತಮ್ಮ ಎಲೆಯನ್ನೂ ಕಟ್ಟೆಗೇ ತರಿಸಿಕೊಂಡು ನನ್ನ ಪಕ್ಕ ಕುಳಿತರು. ಬಾಗಿಲ ಮರೆಯಿಂದ ಅವರ ಹೆಂಡತಿ ಮರಾಠಿಯಲ್ಲಿ ಏನೋ ಬೈದರು. "ದೇವ್ರಿಗಿ ಕಾಣಂಗಿಲ್ಲ ಬಿಡು. ಅಂವನೂ ಒಳಗ ಕತ್ತಲ್ಯಾಗ ಕುಂತಾನ," ಎಂದು ಅವರು ಅನ್ನಕ್ಕೆ ಸಾರು ಹಾಕಿಸಿಕೊಂಡರು.

ಊಟವಾದ ಮೇಲೆ ಒಂದು ಕಾಗದದ ಮೇಲೆ ಎಡಕ್ಕೊಂದು ಗುಣಿಸು ಗುರುತು, ಬಲಕ್ಕೊಂದು ಚುಕ್ಕೆ ಬರೆದು ಕೊಟ್ಟರು. ಎಡಗಣ್ಣು ಮುಚ್ಚು, ಬಲಗಣ್ಣಿಂದ ಗುಣಿಸನ್ನೇ ದಿಟ್ಟಿಸು, ಕಾಗದ ನಿಧಾನ ಮುಖದ ಹತ್ತಿರ ತಾ ಎಂದರು. ತಂದೆ. ಒಂದು ಹಂತದಲ್ಲಿ ಚುಕ್ಕೆ ಹೋಯಿತು. ಹೋದ ಜಾಗದಲ್ಲಿ ತೂತಾಗಲಿ ಕಪ್ಪಾಗಲಿ ಇರಲಿಲ್ಲ, ಬರೀ ಬಿಳಿ ಕಾಗದವಿತ್ತು.

"ಎಲ್ಲಿಗಿ ಹೋಯ್ತ್ರಿ?"

"ಎಲ್ಲಿಗೂ ಹೋಗಿಲ್ಲ. ನಿನ್ನ ಕಣ್ಣಾಗ ಒಂದು ತೂತು ಅದ. ನನ್ನ ಕಣ್ಣಾಗೂ ಅದ, ಮುನ್ಸಿಫ್ ಸಾಹೇಬ್ರ ಕಣ್ಣಾಗೂ ಅದ. ಹುಟ್ಟಿದಾಗಿಂದ ಅದ. ಎಂದರ ಕಂಡದೇನು?"

"ಇಲ್ರಿ."

"ಯಾಕಂದ್ರ ನಿನ್ನ ತಲಿ ಭಾಳ ಮರ್ಯಾದಸ್ಥ. ಹರಿದದ್ದು ಮಂದಿಗಿ ಕಾಣಬಾರ್ದು ಅಂತ ಸುತ್ತಲಿನ ಬಣ್ಣದ್ದೇ ಒಂದು ತ್ಯಾಪಿ ಹಚ್ಚಿಬಿಡ್ತದ. ನಿನಗೂ ಹೇಳಂಗಿಲ್ಲ."

ಈ ತೂತನ್ನು ಅವರು ಶಾಲೆಯಲ್ಲೂ ಉಪಯೋಗಿಸುತ್ತಿದ್ದರು. ಹೆಡ್ ಮಾಸ್ತರರು ಉದ್ದುದ್ದ ಭಾಷಣ ಮಾಡುವಾಗ ಒಂದು ಕಣ್ಣು ಮುಚ್ಚಿ, ಅವರ ಪಕ್ಕದ ಕಂಬವನ್ನು ದಿಟ್ಟಿಸಿ, ಸರಿಯಾದ ದೂರದಲ್ಲಿ ನಿಂತರೆ ಹೆಡ್ ಮಾಸ್ತರರ ತಲೆ ಮಾಯವಾಗಿ ಆ ಜಾಗದಲ್ಲಿ ಸುಣ್ಣ ಬಳಿದ ಗೋಡೆ ಬರುತ್ತಿತ್ತು. ಭುಜದ ಮೇಲೆ ಏನೂ ಇಲ್ಲದೆ ಭಾಷಣ ಮಾತ್ರ ಮುಂದುವರಿಯುತ್ತಿತ್ತು. "ನಮ್ಮ ಹೆಡ್ ಮಾಸ್ತರ್‌ರಿಗಿ ಅದು ಒಪ್ತಿತ್ತು," ಎನ್ನುತ್ತಿದ್ದರು. ವಿದ್ಯಾರ್ಥಿಗಳಿಗೂ ಕಲಿಸಿದರು. ಒಂದು ಮುಂಜಾನೆ ಹೆಡ್ ಮಾಸ್ತರರು ವೇದಿಕೆಯಿಂದ ನೋಡಿದರೆ ಇಡೀ ಶಾಲೆ ಒಂದು ಕಣ್ಣು ಮುಚ್ಚಿಕೊಂಡು ನಿಂತಿತ್ತು. ಕಾರಣ ಗೊತ್ತಾದ ಮೇಲೆ ಮಾಸ್ತರರಿಗೆ ಒಂದು ವರ್ಷ ಬಡ್ತಿ ತಪ್ಪಿತು.

ಸಂಜೆಯ ಕೆಂಪಿನ ಗುಟ್ಟನ್ನೂ ಆವತ್ತೇ ಹೇಳಿದರು. ಕಣ್ಣಿನೊಳಗೆ ಎರಡು ಪಾಳಿಯ ಆಳುಗಳಿರುತ್ತಾರಂತೆ. ಹಗಲ ಪಾಳಿಯವರಿಗೆ ಬಣ್ಣ ಗೊತ್ತು, ಆದರೆ ಬೆಳಕು ಜಾಸ್ತಿ ಬೇಕು. ಮಬ್ಬಿನ ಪಾಳಿಯವರಿಗೆ ಸ್ವಲ್ಪವೇ ಬೆಳಕು ಸಾಕು, ಆದರೆ ಬಣ್ಣ ಗೊತ್ತಿಲ್ಲ, ಅದರಲ್ಲೂ ಕೆಂಪು ಅವರಿಗೆ ಕಾಣುವುದೇ ಇಲ್ಲ. ಪಾಳಿ ಬದಲಾಗುವ ಹೊತ್ತಿಗೆ ಮೊದಲು ಕಪ್ಪಾಗುವುದು ಕೆಂಪು, ನೀಲಿ ಮಾತ್ರ ಕೊನೆಯ ತನಕ ಮಿನುಗುತ್ತದೆ.

"ಮತ್ತ ನನಗ ಕೆಂಪು ಹ್ಯಾಂಗ ಕಂಡ್ತ್ರಿ?"

"ನಿಮ್ಮ ಕಾಕಾ ಹೊಡದಿದ್ದು ನಿನಗ ಗೊತ್ತಿತ್ತು. ಭೀಮಶಾ ಮಾಡ್ಯಾನು ಅಂತ ತಲಿ ಮೊದ್ಲೇ ತೀರ್ಪು ಬರ್ದಿತ್ತು. ಭೀಮಶಾ ಅಂದ್ರ ಕೆಂಪು ರುಮಾಲು. ಕಣ್ಣು ಒಂದು ಕರೀ ಗಡ್ಡಿ ತಂದು ಕೊಡ್ತು, ತಲಿ ಅದಕ್ಕ ಬಣ್ಣ ಬಳೀತು. ನೀ ಸುಳ್ಳು ಹೇಳಿಲ್ಲಪಾ. ತಲಿ ನಿನಗ ಸುಳ್ಳು ಹೇಳ್ಯಾದ."

ಇದನ್ನೆಲ್ಲ ಯಾವ ಪುಸ್ತಕದಲ್ಲಿ ಓದಿದಿರಿ ಎಂದು ಕೇಳಿದೆ. ಅವರು ಒಳಗೆ ಹೋಗಿ ಒಂದು ಶೇರ್ವಾನಿ ತಂದು ನನ್ನ ಮುಂದೆ ಹಿಡಿದರು. ಕಡುಗೆಂಪು ಉಣ್ಣೆಯದು. ನಿಜಾಮರ ಸರಕಾರದ ಸಾಹೇಬರೊಬ್ಬರು ಶಾಲೆಯ ತಪಾಸಣೆಗೆ ಬರುವ ದಿನ ಎಲ್ಲ ಮಾಸ್ತರರೂ ಕಪ್ಪು ಶೇರ್ವಾನಿ ತೊಟ್ಟು ಸಾಲಾಗಿ ನಿಂತಿದ್ದಾಗ ಇವರು ಇದನ್ನು ತೊಟ್ಟು ನಡುವೆ ನಿಂತಿದ್ದರು. ಊರಲ್ಲಿ ಅದು ದೊಡ್ಡ ಸುದ್ದಿಯಾಗಿತ್ತು. ಕೊಬ್ಬು ಎಂದರು ಕೆಲವರು, ಬಂಡಾಯ ಎಂದರು ಕೆಲವರು.

"ಇದು ಯಾವ ಬಣ್ಣ?" ಎಂದು ಕೇಳಿದರು.

"ಕೆಂಪು ರೀ."

"ನನಗ ಇದು ಕರೇದು. ಅಂಗಡಿಯಂವ ಕರೇದು ಅಂತ ಕೊಟ್ಟ, ನಾ ಕರೇದು ಅಂತ ತೊಟ್ಟೆ. ಸ್ಟೇಶನ್ ಬಜಾರದ ಅಷ್ಟೂ ಅಂಗಡಿಯವ್ರಿಗಿ ನನ್ನ ವಿಷಯ ಗೊತ್ತದ. ಯಾರೂ ಒಯ್ಯದ ಬಟ್ಟಿ ಎಲ್ಲ ನನಗ ಕಾಯ್ಕೊಂಡು ಇರ್ತಾವ."

ಅವರು ಹುಟ್ಟಿದಾಗಿನಿಂದ ಕೆಂಪು ಕಂಡವರಲ್ಲ. ಅದು ಅವರಿಗೆ ಗೊತ್ತಾದದ್ದು ಇಪ್ಪತ್ತನೆಯ ವಯಸ್ಸಿನಲ್ಲಿ, ರೈಲ್ವೆಯಲ್ಲಿ ಕೆಲಸಕ್ಕೆ ಅರ್ಜಿ ಹಾಕಿದಾಗ. ಡಾಕ್ಟರ ಸಾಹೇಬ ಮೇಜಿನ ಮೇಲೆ ಬಣ್ಣಬಣ್ಣದ ಉಣ್ಣೆಯ ಗುಂಪು ಸುರಿದು, ಒಂದು ಹಸಿರು ಎಳೆ ಕೈಗೆ ಕೊಟ್ಟು, ಇದರಂಥವನ್ನು ಆರಿಸು ಎಂದ. ಇವರು ಮನಸ್ಸಿಟ್ಟು ಆರಿಸಿದರು. ಡಾಕ್ಟರ ನಕ್ಕು ಪಕ್ಕದ ಖೋಲಿಯವರನ್ನು ಕರೆದು ತೋರಿಸಿದ. ಅವರೂ ನಕ್ಕರು.

"ಅಲ್ಲೀತನ ನಾ ಏನು ತಿಳ್ಕೊಂಡಿದ್ದೆ ಗೊತ್ತೇನು? ಬಣ್ಣ ಅಂದ್ರ ಜಾತಿ ಇದ್ದಂಗ. ನೋಡಿದ್ರ ತಿಳಿಯಂಗಿಲ್ಲ, ಹಿರಿಯಾರು ಹೇಳ್ಬೇಕು. ಇದು ಕೆಂಪು ಅಂದ್ರ ಕೆಂಪು ಅಂತ ಬಾಯಿಪಾಠ ಮಾಡೂದು. ಎಲ್ಲಾರೂ ಹಂಗೇ ಮಾಡ್ತಾರ ಅಂದ್ಕೊಂಡಿದ್ದೆ." ಶೇರ್ವಾನಿ ಮಡಚುತ್ತ ಮೆಲ್ಲಗೆ ಹೇಳಿದರು, "ಕೆಲ್ಸ ಹೋಗಿದ್ದಕ್ಕ ಬ್ಯಾಸರ ಆಗ್ಲಿಲ್ಲ. ನಮ್ಮವ್ವ ಇಷ್ಟು ವರ್ಷ ಒಮ್ಮೀನೂ ಹೇಳ್ಲಿಲ್ಲಲ್ಲ ಅಂತ ಸಿಟ್ಟು ಬಂತು. ಪಾಪ, ಆಕಿಗಿ ಹ್ಯಾಂಗ ಗೊತ್ತಾಗ್ಬೇಕು."

ಅಲ್ಲಿಂದ ಮುಂದೆ ಅವರು ಎಲ್ಲರ ಕಣ್ಣನ್ನೂ ಅನುಮಾನಿಸತೊಡಗಿದರು. ಸಂಜೆಯ ವಿಷಯ ತಿಳಿದದ್ದು ಹೆಂಡತಿಯಿಂದ. ಆಕೆ ಹೊಸ್ತಿಲಲ್ಲಿ ಕುಳಿತು ಕೌದಿ ಹೊಲೆಯುತ್ತಿದ್ದರು. ಹಗಲಲ್ಲಿ ಗಂಡನ ಬಣ್ಣಗೇಡಿತನಕ್ಕೆ ನಗುವ ಆಕೆ, ಬೆಳಕು ಇಳಿದ ಮೇಲೆ ಕೆಂಪು ತುಂಡಿನ ಬದಲು ಕಪ್ಪು ತುಂಡು ಜೋಡಿಸಿ ಹೊಲಿದುಬಿಟ್ಟರು. ದೀಪ ಬಂದಾಗ ಗೊತ್ತಾಯಿತು. ಮಾಸ್ತರರು ಅಂಗಳದಲ್ಲಿ ಕುಣಿದರಂತೆ. "ಸಂಜಿ ಆದ್ರ ನೀವೆಲ್ಲ ನನ್ನ ಜಾತಿಗಿ ಬರ್ತೀರಿ! ನಾ ಹಗಲೀನೇ ಅಲ್ಲಿರ್ತೀನಿ, ಅಷ್ಟೇ ಫರಕ್!" ಆಮೇಲೆ ಎಲ್ಲೆಲ್ಲಿಂದಲೋ ಪುಸ್ತಕ ತರಿಸಿ ಓದಿದರು.

ನಾನು ಹೊಡೆಯಲು ಹೋದವನು ಎರಡು ದಿನ ಉಳಿದು ಬಂದೆ. ಮುಂದೆ ವರ್ಷಕ್ಕೆ ನಾಲ್ಕಾರು ಸಲವಾದರೂ ಹೋಗುತ್ತಿದ್ದೆ. ಹೋಗುವಾಗ ಕೆಂಪು ಬಾಳೆಯ ಗೊನೆ ಒಯ್ಯುತ್ತಿದ್ದೆ. "ಕರೀ ಬಾಳಿ ಬಂತು," ಎನ್ನುತ್ತಿದ್ದರು. "ಇದಕ್ಕ ಬಣ್ಣದ ಹೆಸರ್ಲೇ ನೀವು ಮಂದೀನ ಮೋಸ ಮಾಡ್ತೀರಿ. ಕಣ್ಣು ಮುಚ್ಚಿ ತಿಂದ್ರ ಬಾಳಿನೇ."

ಅವರೊಡನೆ ಇರುವುದು ಸುಲಭವಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ನೆರೆಯವರೊಬ್ಬರಿಗೆ ಗೋಡೆಯ ಕಲೆಯಲ್ಲಿ ಗುರುಗಳ ಮುಖ ಕಂಡು, ಜನ ಕಾಯಿ ಒಡೆಯತೊಡಗಿದಾಗ ಇವರು ಹೋಗಿ ನೋಡಿ, ಮುಖ ಹೌದು, ಆದರೆ ನಮ್ಮ ಹೆಡ್ ಮಾಸ್ತರರದು ಎಂದರು. ಆಮೇಲೆ ಬಂದವರಿಗೆಲ್ಲ ಹೆಡ್ ಮಾಸ್ತರರೇ ಕಾಣತೊಡಗಿದರು. ನೆರೆಯವರು ಸಾಯುವ ತನಕ ಅವರ ಜೊತೆ ಮಾತಾಡಲಿಲ್ಲ. ನನಗೆ ಇದು ನಗುವ ವಿಷಯವೆನಿಸಿರಲಿಲ್ಲ, ಈಗಲೂ ಇಲ್ಲ. ಆ ನೆರೆಯವರ ಮಗ ಅದೇ ತಿಂಗಳು ಜ್ವರದಿಂದ ಹಾಸಿಗೆ ಹಿಡಿದಿದ್ದ, ಅವರಿಗೆ ಆ ಮುಖ ಬೇಕಾಗಿತ್ತು. ಇದನ್ನು ನಾನು ಹೇಳಿದಾಗ ಮಾಸ್ತರರು ನಶ್ಯದ ಡಬ್ಬಿ ತೆರೆದು, ಏರಿಸದೆ, ಮುಚ್ಚಿದರು. "ಗೊತ್ತಿರ್ಲಿಲ್ಲ," ಎಂದರು. ಕ್ಷಮೆ ಕೇಳಲು ಮಾತ್ರ ಹೋಗಲಿಲ್ಲ.

ಹತ್ತು ವರ್ಷವಾದ ಮೇಲೆ ಒಂದು ಸಂಗತಿ ನಡೆಯಿತು. ಕಾಕಾ ತೀರಿಕೊಂಡಿದ್ದ. ಮಣ್ಣಿಗೆ ಭೀಮಶಾನೂ ಬಂದಿದ್ದ. ಎಲ್ಲರೂ ಚದುರಿದ ಮೇಲೆ ನನ್ನ ಹತ್ತಿರ ಬಂದು, ಕೆಳಗೆ ನೋಡುತ್ತ ಹೇಳಿದ, "ಸಣ್ಣ ಸಾವ್ಕಾರ್ರ, ಬಣವಿಗಿ ಬೆಂಕಿ ಹಚ್ಚಿದಂವ ನಾನೇ ರೀ. ನಾಕು ಮಂದ್ಯಾಗ ಹೊಡದ್ರು, ತಡ್ಕೊಳಾಕ ಆಗ್ಲಿಲ್ಲ. ದನ ಉಪಾಸ ಬಿದ್ದಾಗ ಕರಳು ಚುರ್ ಅಂತ್ರಿ. ಅವ್ರು ಇರೂತನ ಹೇಳಾಕ ಧೈರ್ಯ ಬರ್ಲಿಲ್ಲ."

ನನಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬಂದದ್ದು ಬೇರೆಯೇ ಹುಮ್ಮಸ್ಸು. ಕಾಕಾನ ಕಾರ್ಯ ಮುಗಿದ ಮಾರನೆಯ ದಿನವೇ ಬಂಡಿ ಹೂಡಿಸಿ ಕಲಬುರಗಿಗೆ ಹೋದೆ.

"ಮಾಸ್ತರ್, ನಾ ಅವತ್ತು ನೋಡಿದ್ದು ಖರೇ ಇತ್ತು!" ಎಂದು ಎಲ್ಲ ಹೇಳಿದೆ.

ಅವರ ಮುಖ ಬಿಳಿಚಿತು. ಅಷ್ಟು ವರ್ಷದಲ್ಲಿ ಅವರು ಬಾಯಿ ಕಟ್ಟಿ ಕುಳಿತದ್ದನ್ನು ನಾನು ನೋಡಿದ್ದು ಅದೇ ಮೊದಲು. ತಪ್ಪು ಮಾಡಿದವನನ್ನು ತಾವೇ ಬಿಡಿಸಿ ತಂದರಲ್ಲ ಎಂಬ ಕಸಿವಿಸಿ ಅವರಿಗೆ ಆಗಿರಬೇಕು. ಕೊನೆಗೆ ಕೇಳಿದರು.

"ಅವತ್ತು ನಿನಗ ಕೆಂಪು ಕಂಡಿತ್ತೇನು?"

ನಾನು ಯೋಚಿಸಿದೆ. "ಕಂಡಿರಾಕ ಸಾಧ್ಯ ಇಲ್ರಿ."

"ಹಂಗಾರ ನಿನ್ನ ಸಾಕ್ಷಿ ಸುಳ್ಳೇ. ಖರೇ ಸಂಗತಿಗಿ ಹೇಳಿದ ಸುಳ್ಳು ಸಾಕ್ಷಿ." ನಶ್ಯದ ಡಬ್ಬಿ ಬದಿಗಿಟ್ಟು, "ಇಂಥಾ ಸಾಕ್ಷೀನೇ ಭಾಳ ಹಾಳು. ಒಮ್ಮಿ ಗುರಿ ಮುಟ್ಟಿದ್ರ ಮುಂದ ಹತ್ತು ಮಂದೀನ ಜೇಲಿಗಿ ಕಳಸ್ತದ," ಎಂದರು. ಆಮೇಲೆ ಒಳಗೆ ಹೋಗಿ ಮಲಗಿದರು. ಆ ಸಲ ಊಟಕ್ಕೆ ಕೂಡ ಕೂರಿಸಿಕೊಳ್ಳಲಿಲ್ಲ. ಹಿಂತಿರುಗಿ ಬರುವಾಗ ಬಂಡಿಯಲ್ಲಿ ನಾನು ಗೆದ್ದೆನೋ ಸೋತೆನೋ ಎಂದು ಲೆಕ್ಕ ಹಾಕುತ್ತ ಬಂದೆ. ಇಂದಿಗೂ ತೀರ್ಮಾನವಾಗಿಲ್ಲ.

ಅವರ ಹೆಂಡತಿ ತೀರಿಕೊಂಡ ಎರಡು ವರ್ಷಕ್ಕೆ ಅವರ ಕಣ್ಣಿಗೆ ಯಾವುದೋ ರೋಗ ಹತ್ತಿ, ಹಗಲೂ ಸಂಜೆಯೂ ಒಂದೇ ಆಗಿ, ಕೊನೆಗೆ ಕಣ್ಣು ಪೂರ್ತಿ ಹೋದವು. ಹೋದ ಆರು ತಿಂಗಳಿಗೆ ಸೊಸೆಯಿಂದ ನನಗೆ ಬುಲಾವು ಬಂತು. ಹೋದರೆ ಆಕೆ ಬಾಗಿಲಲ್ಲೇ ಅತ್ತಳು.

"ಮಾವನವ್ರಿಗಿ ಏನೋ ಬಡಕೊಂಡದ ಕಾಕಾ. ಗ್ವಾಡಿ ಮ್ಯಾಲ ಮಂದಿ ಕಾಣ್ತಾರಂತ. ಗೇಣುದ್ದ ಮಂದಿ. ಕುದುರಿ, ಪಲ್ಲಕ್ಕಿ, ಕೊಡ ಹೊತ್ತ ಹೆಂಗಸ್ರು. ಮಠದಿಂದ ದಾರ ತಂದು ಕಟ್ಟೀವಿ, ದರ್ಗಾದಿಂದ ತಾಯತ ತಂದು ಕಟ್ಟೀವಿ. ಎರಡೂ ಹರ್ಕೊಳಾಕತ್ತಾರ."

ಒಳಗೆ ಮಂಚದ ಮೇಲೆ ಅವರು ಗೋಡೆಯ ಕಡೆ ಮುಖ ಮಾಡಿ ಬಹಳ ಖುಷಿಯಿಂದ ಮಲಗಿದ್ದರು. ನನ್ನ ದನಿ ಕೇಳಿ ಎದ್ದು ಕುಳಿತರು. "ಬಾ ಬಾ. ಟಿಕೀಟು ಇಲ್ದ ಬಯಸ್ಕೋಪು ನಡದದ. ಮನ್ಯಾವ್ರಿಗಿ ಹೇಳು, ನಾ ಹುಚ್ಚ ಆಗಿಲ್ಲ. ಅವ್ರು ಯಾರೂ ಇಲ್ಲ ಅಂತ ನನಗ ಗೊತ್ತದ."

"ಮತ್ತ ಹ್ಯಾಂಗ ಕಾಣ್ತಾರ್ರಿ?"

"ಕಣ್ಣು ಅಂದ್ರ ಬರೇ ಟಪಾಲಿನಂವ. ಪತ್ರ ಓದೂ ಗುಮಾಸ್ತ ಇಲ್ಲಿ ತಲ್ಯಾಗ ಕುಂತಾನ. ಟಪಾಲು ಬಂದ್ ಆಗಿ ಆರು ತಿಂಗಳಾಯ್ತು. ಅಂವನಿಗಿ ಖಾಲಿ ಕುಂದ್ರಾಕ ಬರಂಗಿಲ್ಲ, ತಾನೇ ಪತ್ರ ಬರ್ದು ತಾನೇ ಓದಾಕತ್ಯಾನ. ಭಾರಿ ಚಲೋ ಬರಿತಾನ ಮಗ. ಇವ್ರ ಬಟ್ಟಿ ಮ್ಯಾಲಿನ ನೇಯ್ಗಿ ಸುದ್ದಾ ಕಾಣ್ತದ."

ಸೊಸೆಗೆ ಇದನ್ನು ನನಗೆ ತಿಳಿದಷ್ಟು ತಿಳಿಸಿ ಹೇಳಿದೆ. ಆಕೆಗೆ ಪೂರ್ತಿ ನಂಬಿಕೆ ಬರಲಿಲ್ಲ, ಆದರೆ ಅಳು ನಿಂತಿತು. ಚಹಾ ಮಾಡಲು ಒಳಗೆ ಹೋದಳು. ನಾನು ಮಂಚದ ಕಾಲದೆಸೆಗೆ ಒಂದು ಮಣೆ ಎಳೆದುಕೊಂಡು ಕುಳಿತೆ. ಮಾಸ್ತರರು ಸುಮ್ಮನೆ ಗೋಡೆ ನೋಡುತ್ತಿದ್ದರು. ನಗು ನಿಧಾನವಾಗಿ ಅವರ ಮುಖದಿಂದ ಇಳಿಯಿತು.

"ಆಕಿ ಮಾತ್ರ ಒಮ್ಮೀನೂ ಬಂದಿಲ್ಲ ನೋಡು," ಎಂದರು. ಹೆಂಡತಿಯ ವಿಷಯ ಎಂದು ತಿಳಿಯಲು ನನಗೆ ಕ್ಷಣ ಹಿಡಿಯಿತು. "ಯಾರ್ಯಾರೋ ಗುರ್ತಿಲ್ಲದ ಮಂದಿ ಬರ್ತಾರ. ಬೇಕಾದವ್ರನ್ನ ಕರ್ಕೊಂಡು ಬಾ ಅಂದ್ರ ಗುಮಾಸ್ತ ಕೇಳಂಗಿಲ್ಲ."

ಅವರು ಗೋಡೆಯಿಂದ ಮುಖ ತಿರುಗಿಸಿದರು.

"ಈಗ ಖೋಲ್ಯಾಗ ಎಷ್ಟು ಮಂದಿ ಇದ್ದೀರಿ?" ಎಂದು ಕೇಳಿದರು.

"ನಾನೊಬ್ಬನೇ ರೀ."

"ನನಗ ಹನ್ನೊಂದು ಮಂದಿ ಕಾಣಾಕತ್ತಾರ. ಅದರಾಗ ನೀ ಯಾರು ಹೇಳ್ತೀನಿ ತಡಿ." ತಲೆ ಅತ್ತಿತ್ತ ಆಡಿಸಿ, ಬಹಳ ಯೋಚಿಸಿ, "ಇಂವನೇ," ಎಂದು ತಲೆದಿಂಬಿನ ಕಡೆಗೆ, ಕಿಟಕಿಯ ಹತ್ತಿರದ ಬರಿಯ ಜಾಗಕ್ಕೆ ಕೈ ಚಾಚಿದರು. ಕೈ ಗಾಳಿಯಲ್ಲೇ ನಿಂತಿತು.

ನಾನು ಸಪ್ಪಳವಾಗದಂತೆ ಎದ್ದು, ಮಂಚ ಸುತ್ತಿ ಹೋಗಿ, ಆ ಕಿಟಕಿಯ ಹತ್ತಿರ ನೆಲದ ಮೇಲೆ ಕುಳಿತು ಅವರ ಕೈಯೊಳಗೆ ನನ್ನ ಕೈ ಇಟ್ಟೆ.

"ಎದ್ದು ಬಂದ್ಯೇನೋ?"

"ಇಲ್ರಿ ಮಾಸ್ತರ್. ಇಲ್ಲೇ ಇದ್ದೆ."

ಅವರು ನನ್ನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. "ಕಳ್ಳ," ಎಂದರು. "ಮಣಕಾಲು ಚಟಕ್ ಅಂತು, ಕೇಳ್ತು ನನಗ." ಆದರೂ ಕೈ ಬಿಡಲಿಲ್ಲ. ಸೊಸೆ ಚಹಾ ತಂದಿಟ್ಟಳು. ಆರಿ ಹೋಯಿತು.